ಪ್ರಶ್ನೆ ಕೇಳುತ್ತಿದ್ದ ದನಿ

ನವೆಂಬರ್ ೮, ಶನಿವಾರ. ಸಂಜೆ ೭

ಮೈಕ್ ಮತ್ತೆ ಕೈಕೊಟ್ಟಿತು. ನಮ್ಮ ಆಪರೇಟರ್ ಪ್ರಕಾಶ್ ಭೈಯಾ ಬ್ಯಾಟರಿ ಬದಲಾಯಿಸುವಷ್ಟರಲ್ಲಿ ಭಾಷಣಕಾರರು ಅರ್ಧ ಬಾಟಲಿ ನೀರು ಕುಡಿದಿದ್ದರು. ಇವತ್ತಿನ ವಿಷಯ ಗಂಗೆಯ ಮೀನುಗಳು. ಬಂದವರು ನಲವತ್ತೊಂದು ಜನ. ಅದರಲ್ಲಿ ಸಮೋಸಕ್ಕೆ ಬಂದವರು ಹತ್ತಾದರೂ ಇದ್ದಾರು.

ಪ್ರಶ್ನೋತ್ತರ ಎಂದೊಡನೆ ಮೊದಲ ಸಾಲಿನಿಂದ ವೀರಭದ್ರಯ್ಯನವರು ಎದ್ದರು. ಎಂದಿನಂತೆ ಎರಡು ಸಣ್ಣ ಕೆಮ್ಮು, ಒಂದು ಉದ್ದದ್ದು. ಆಮೇಲೆ ಹಿಂದಿಯಲ್ಲಿ, "ಬಸ್, ಏಕ್ ಹೀ ಸವಾಲ್," ಒಂದೇ ಒಂದು ಪ್ರಶ್ನೆ. ನೀರಿಗೆ ಬಿಟ್ಟ ದೇಹವನ್ನು ಮೀನು ಎಷ್ಟು ದಿನಕ್ಕೆ ಮುಟ್ಟುತ್ತದೆ ಎಂದು ಕೇಳಿದರು. ಭಾಷಣಕಾರರು ತಡವರಿಸಿದರು. ಅದು ಋತುವನ್ನು ಅವಲಂಬಿಸಿದೆ ಎಂದರು. ಚಳಿಗಾಲದಲ್ಲಿ? ಎಂದು ಇವರು ಮತ್ತೆ ಕೇಳಿದರು. ಸಭೆಯಲ್ಲಿ ಯಾರೋ ನಕ್ಕರು.

ಕಾಶಿಯ ಈ ವಿಶ್ವವಿದ್ಯಾಲಯದಲ್ಲಿ ಶನಿವಾರದ ಕಾರ್ಯಕ್ರಮ ನಡೆಸುವ ಕೆಲಸದಲ್ಲಿ ಆರು ವರ್ಷದಿಂದ ಇದ್ದೇನೆ. ಕೆಲವು ಶನಿವಾರ ಉಪನ್ಯಾಸ, ಕೆಲವು ಶನಿವಾರ ಸಿನಿಮಾ. ಅಯ್ಯನವರು ಒಂದನ್ನೂ ತಪ್ಪಿಸಿಲ್ಲ. ನಮ್ಮ ಕಡೆಯ ಮಠದಲ್ಲಿ ಮೂವತ್ತನಾಲ್ಕು ವರ್ಷದಿಂದ ಇರುವವರು. ಅಲ್ಲಿಯ ಪುಸ್ತಕದ ಕೋಣೆ ನೋಡಿಕೊಳ್ಳುತ್ತಾರೆ. ಹೋಗುವಾಗ ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ, "ಬರ್ತೀನಿ ತಂಗಿ" ಎನ್ನುತ್ತಾರೆ. ಈ ಆಫೀಸಿನಲ್ಲಿ ಕನ್ನಡ ಕಿವಿಗೆ ಬೀಳುವುದು ಅಷ್ಟೇ. ಕನ್ನಡ ಓದಬಲ್ಲವರಂತೂ ಇಲ್ಲಿ ಯಾರೂ ಇಲ್ಲ. ಅದಕ್ಕೇ ಈ ನೋಟುಬುಕ್ಕನ್ನು ಮೇಜಿನ ಮೇಲೆ ಬಿಟ್ಟು ಹೋದರೂ ಭಯವಿಲ್ಲ.

ನವೆಂಬರ್ ೧೧, ಮಂಗಳವಾರ

ಪಾಠಕ್ ಸರ್ ಒಂದು ಹಾರ್ಡ್ ಡಿಸ್ಕ್ ಕೊಟ್ಟರು. ವೇದವ್ಯಾಸ ಪಾಠಕ್, ನಮ್ಮ ಡೈರೆಕ್ಟರ್. ೧೯೯೧ರಲ್ಲಿ ವಿದೇಶದ ಸಂಶೋಧಕಿಯೊಬ್ಬರು ಕಾಶಿಯಲ್ಲಿ ಸಾಯಲು ಬಂದವರನ್ನು ಚಿತ್ರೀಕರಿಸಿದ್ದರಂತೆ. ಸಿನಿಮಾ ಮುಗಿಸಲಿಲ್ಲ. ಹೋದ ವರ್ಷ ತೀರಿಕೊಂಡರು. ಮನೆಯವರು ರೀಲುಗಳನ್ನೆಲ್ಲ ಡಿಜಿಟಲ್ ಮಾಡಿಸಿ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದಾರೆ. ಡಿಸೆಂಬರ್ ೬ಕ್ಕೆ ಪ್ರದರ್ಶನ. ಅದರಲ್ಲಿ ನಲವತ್ತು ನಿಮಿಷ ಕನ್ನಡ. ಸಬ್‌ಟೈಟಲ್ ನಾನೇ ಮಾಡಬೇಕು.

ಸ್ವಲ್ಪ ನೋಡಿದೆ. ಮಠದ ಜಗಲಿ. ಕಂಬಳಿ ಹೊದ್ದ ಗಂಡಸು, ನಲವತ್ತು ದಾಟಿರಬಹುದು. ಕೆನ್ನೆಯಲ್ಲಿ ಗುಳಿ ಬಿದ್ದು ಅರವತ್ತರಂತೆ ಕಾಣುತ್ತಾನೆ. ಕ್ಷಯ. ಪ್ರಶ್ನೆ ಕೇಳುವವನು ಚೌಕಟ್ಟಿನಲ್ಲಿಲ್ಲ, ದನಿ ಮಾತ್ರ. ಸಂಶೋಧಕಿಯ ದುಭಾಷಿ ಇರಬೇಕು. ಎಳೆಯ ದನಿ, ಮೈಸೂರಿನ ಕಡೆಯ ಮಾತು.

ನವೆಂಬರ್ ೧೩, ಗುರುವಾರ. ಮಧ್ಯಾಹ್ನ

ಒಂದೇ ತುಣುಕನ್ನು ಬೆಳಿಗ್ಗೆಯಿಂದ ಇಪ್ಪತ್ತು ಸಲ ಕೇಳಿದ್ದೇನೆ.

ದುಭಾಷಿ ಕೇಳುತ್ತಾನೆ: "ಒಂದೇ ಒಂದು ಪ್ರಸ್ನೆ. ನಿಮ್ಮ ಹೆಸರು ಹೇಳಿ."

ಕಂಬಳಿಯವನು ಕೆಮ್ಮುತ್ತಾನೆ. ಆಮೇಲೆ ಹನ್ನೊಂದು ಸೆಕೆಂಡ್ ಬರೀ ಉಸಿರು. "ವೀರಭದ್ರಯ್ಯ" ಎನ್ನುತ್ತಾನೆ. ಗದಗಿನ ಆಚೆಯ ಒಂದು ಹಳ್ಳಿಯ ಹೆಸರು ಹೇಳುತ್ತಾನೆ. ಹೆಂಡತಿ ನೀಲಗಂಗಮ್ಮ, ನಾಲ್ಕು ವರ್ಷದ ಮಗಳು ವಚನಾ. ಮಗುವಿಗೆ ರೋಗ ತಗಲಬಾರದೆಂದು ಹೇಳದೆ ಬಂದೆ ಎನ್ನುತ್ತಾನೆ.

ನಮ್ಮ ಅಯ್ಯನವರ ಊರು ಅದೇ. ಅವರೇ ಒಮ್ಮೆ ಹೇಳಿದ್ದರು. ಹೆಂಡತಿ ಮಗಳ ಹೆಸರೂ ಅವೇ. ಆದರೆ ಈ ಮುಖ ಅವರದಲ್ಲ. ಮೂವತ್ತನಾಲ್ಕು ವರ್ಷ ಕಳೆದರೂ ಕಿವಿಯ ಆಕಾರ ಬದಲಾಗುವುದಿಲ್ಲವಲ್ಲ, ಹುಬ್ಬಿನ ಮೂಳೆ ಬದಲಾಗುವುದಿಲ್ಲವಲ್ಲ.

ದನಿ... ಕೇಳುವವನ ದನಿ. ಆ ಮೂಗು ಸೇರಿದ ಸ್ವರ. 'ಪ್ರಶ್ನೆ'ಯನ್ನು 'ಪ್ರಸ್ನೆ' ಎನ್ನುವುದು. ಅದು ಮೊದಲ ಸಾಲಿನ ದನಿ.

ಇನ್ನೂ ಒಂದು. ಎರಡು ಸಣ್ಣ ಕೆಮ್ಮು, ಒಂದು ಉದ್ದದ್ದು. ಅದು ಸಾಯುತ್ತಿರುವವನದು. ದುಭಾಷಿ ಇಡೀ ನಲವತ್ತು ನಿಮಿಷದಲ್ಲಿ ಒಮ್ಮೆಯೂ ಕೆಮ್ಮುವುದಿಲ್ಲ.

ನವೆಂಬರ್ ೧೫, ಶನಿವಾರ

ಉಪನ್ಯಾಸದಲ್ಲಿ ಏನು ಹೇಳಿದರೋ ಗೊತ್ತಿಲ್ಲ. ಅಯ್ಯನವರನ್ನೇ ನೋಡುತ್ತಿದ್ದೆ. ಕೂರುವಾಗ ಎಡಗೈಯನ್ನು ಮಂಡಿಯ ಮೇಲೆ ಅಂಗಾತ ಇಡುತ್ತಾರೆ. ಕಂಬಳಿಯವನೂ ಹಾಗೇ ಇಡುತ್ತಿದ್ದ.

ಹೋಗುವಾಗ, ಮುಂದಿನ ತಿಂಗಳು ಯಾವ ಪಿಕ್ಚರ್ ಎಂದು ಕೇಳಿದರು. ಹಳೇ ಡಾಕ್ಯುಮೆಂಟರಿ ಎಂದೆ. ಯಾವ ಇಸವಿ ಎಂದರು. ಹೇಳಿದೆ. ಮೆಟ್ಟಿಲಿಳಿದು ಹೋದರು. "ಬರ್ತೀನಿ ತಂಗಿ" ಎನ್ನಲಿಲ್ಲ.

ನವೆಂಬರ್ ೧೮, ಮಂಗಳವಾರ. ೩.೩೦

ಮಧ್ಯಾಹ್ನದ್ದನ್ನು ಈಗಲೇ ಬರೆದಿಡುತ್ತೇನೆ.

ಊಟವಾದ ಮೇಲೆ ಎಡಿಟಿಂಗ್ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ಬಾಗಿಲು ತೆರೆದಿತ್ತು. ಹೊರಗೆ ಒಳ್ಳೆಯ ಬಿಸಿಲು. ಕೊನೆಯ ಭಾಗಕ್ಕೆ ಬಂದಿದ್ದೆ. ಕಂಬಳಿಯವನು ಮಲಗಿದ್ದಾನೆ, ಮಾತಿಲ್ಲ, ಉಸಿರು ಮಾತ್ರ. ವಿರಾಮ ಒತ್ತಿ ಹೆಡ್‌ಫೋನ್ ತೆಗೆದೆ. ಉಸಿರು ನಿಲ್ಲಲಿಲ್ಲ.

ತಿರುಗಿದೆ. ಅಯ್ಯನವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನನ್ನನ್ನು ನೋಡುತ್ತಿರಲಿಲ್ಲ, ಪರದೆ ನೋಡುತ್ತಿದ್ದರು.

"ಇನ್ನ ಮುಂದ ಸೌಂಡ್ ಇಲ್ಲ ತಂಗಿ" ಎಂದರು.

ಅಷ್ಟೇ. ಹೊರಟುಹೋದರು. ನಾನು ಮತ್ತೆ ಹಾಕಿದೆ. ನಿಜ. ಅಲ್ಲಿಂದ ಮುಂದೆ ಸೌಂಡ್ ಇಲ್ಲ. ಚಿತ್ರೀಕರಣಕ್ಕೆ ಮೊದಲು ತೋರಿಸುವ ಸ್ಲೇಟಿನ ಮೇಲೆ ಡಿಸೆಂಬರ್ ೧೯. ದೋಣಿ. ಕೂತ ಭಂಗಿಯಲ್ಲೇ ಕಾವಿ ಸುತ್ತಿದ ದೇಹ, ಸೊಂಟಕ್ಕೆ ಕಟ್ಟಿದ ಕಲ್ಲುಚಪ್ಪಡಿ. ನಡುಹೊಳೆಯಲ್ಲಿ ನಾಲ್ವರು ಎತ್ತಿ ಇಳಿಸುತ್ತಾರೆ. ನೀರು ಮುಚ್ಚಿಕೊಳ್ಳುತ್ತದೆ. ನಾಲ್ವರಲ್ಲಿ ಒಬ್ಬ ತೆಳ್ಳನೆಯ ಯುವಕ ಕ್ಯಾಮೆರಾ ಕಡೆ ತಿರುಗುತ್ತಾನೆ. ಅವನ ಹೆಗಲ ಮೇಲೆ ಅದೇ ಕಂಬಳಿ.

ಈ ಕಿವಿ, ಈ ಹುಬ್ಬು ನನಗೆ ಗೊತ್ತು. ಆರು ವರ್ಷದಿಂದ ಗೊತ್ತು.

ನವೆಂಬರ್ ೨೧, ಶುಕ್ರವಾರ

ತಪ್ಪು ನನ್ನದು. ಪೋಸ್ಟರಿಗೆ ಕಂಬಳಿಯವನ ಮುಖ ಹಾಕಿದ್ದೆ, ಹದಿನೆಂಟನೇ ತಾರೀಕಿಗಿಂತ ಮೊದಲೇ. ಅದು ಫೇಸ್‌ಬುಕ್ಕಿನಿಂದ ಮಠದ ಭಕ್ತರ ವಾಟ್ಸಾಪಿಗೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಗಿದೆ. ಇವತ್ತು ಹನ್ನೊಂದು ಗಂಟೆಗೆ ಫೋನ್ ಬಂತು. ಗದಗಿನಿಂದ. ಹೆಣ್ಣುದನಿ, ಹೈಸ್ಕೂಲ್ ಟೀಚರ್. ಹೆಸರು ವಚನಾ.

"ಮೇಡಂ, ಆ ಫೋಟೋದಾಗ ಇರೋರು ನಮ್ಮ ಅಪ್ಪಾರು. ನಮ್ಮವ್ವನ ಹತ್ರ ಮದುವಿ ಫೋಟೋ ಒಂದೈತಿ, ಅದೇ ಮುಖ. ಅವರು ಅಲ್ಲೇ ಮಠದಾಗ ಅದಾರ. ತಿಂಗಳಾ ಪತ್ರ ಬರೀತಾರ. ನೀವು ಬಂದ್ರ ನಾನು ಇಲ್ಲಿಂದ ಎದ್ದು ಹೋಗ್ತೀನಿ ಅಂತ ಆಣಿ ಹಾಕ್ಯಾರ, ಅದಕ್ಕ ಇಷ್ಟು ವರ್ಷ ಬಂದಿಲ್ರಿ. ಈಗ ಅವರ ಪಿಕ್ಚರ್ ಅಂದಮ್ಯಾಲೆ ನೋಡಾಕ ಬಂದೇ ಬರ್ತಾರಲ್ರಿ. ನಾವು ಹಿಂದಿನ ಸಾಲಿನಾಗ ಕುಂದರ್ತೀವಿ. ದೂರಿಂದ ನೋಡಿದ್ರ ಸಾಕು."

ಟಿಕೆಟ್ ಆಗಿದೆಯಂತೆ. ನಾನು ಏನು ಹೇಳಿದೆ? ಬನ್ನಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಎಂದೆ.

ನವೆಂಬರ್ ೨೨, ಶನಿವಾರ

ಇಂದು ಸಂಜೆ ಸಿನಿಮಾ ಇತ್ತು. ತಯಾರಿಯನ್ನು ಪ್ರಕಾಶ್ ಭೈಯಾಗೆ ಒಪ್ಪಿಸಿ ಮಧ್ಯಾಹ್ನವೇ ಮಠಕ್ಕೆ ಹೋದೆ. ಅಯ್ಯನವರು ಪುಸ್ತಕದ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ವಚನಾ, ಅವಳ ತಾಯಿ ಇಬ್ಬರೂ ಬರುತ್ತಿದ್ದಾರೆ ಎಂದೆ. ಕೆಮ್ಮು ಬಂತು. ಎರಡು ಸಣ್ಣದು, ಒಂದು ಉದ್ದದ್ದು.

ಕೇಳದೆಯೇ ಹೇಳಿದರು. ಹಿಂದಿ ಕಲಿಯಲು ಕಾಶಿಗೆ ಬಂದಿದ್ದ ಹುಡುಗನಂತೆ. ಸಂಶೋಧಕಿ ಒಂದು ತಿಂಗಳ ಮಟ್ಟಿಗೆ ದುಭಾಷಿ ಕೆಲಸ ಕೊಟ್ಟರು. ಕಂಬಳಿಯವರು ಮೊದಲ ಎರಡು ಪತ್ರ ತಾವೇ ಬರೆದರು. ಆಮೇಲೆ ಕೈಯಲ್ಲಿ ತ್ರಾಣವಿರಲಿಲ್ಲ. ಅವರು ಸುದ್ದಿ ಹೇಳಿದರು, ಒಕ್ಕಣೆ ಇವರೇ ಸೇರಿಸಿ ಬರೆದರು. ಸಾಯುವ ಮೊದಲು ಒಂದು ಮಾತು ತೆಗೆದುಕೊಂಡರು. ನೀಲಗಂಗಮ್ಮನಿಗಿನ್ನೂ ಮೂವತ್ತು. ನಾನು ಸತ್ತೆನೆಂದರೆ ಬಳೆ ಒಡೆಸುತ್ತಾರೆ, ತವರಿಗೆ ಅಟ್ಟುತ್ತಾರೆ. ಮಗಳ ಮದುವೆಯವರೆಗೆ ನನ್ನನ್ನು ಸಾಯಿಸಬೇಡ. ಬರೆಯುತ್ತಿರು ಎಂದು.

ಬರೆದರು. ಉತ್ತರ ಬಂತು. ಅಂಚೆಯವನು ಜಗಲಿಯಲ್ಲಿ ನಿಂತು ವೀರಭದ್ರಯ್ಯ ಯಾರು ಎಂದು ಕೇಳಿದ. ನಾನೇ ಎಂದರು. ಮೊದಲ ಸಲ ಹಾಗೆಂದದ್ದು ಅವತ್ತು. ಆಗಿನ ಹಿರಿಯ ಸ್ವಾಮಿಗಳಿಗೆ ಎಲ್ಲ ಗೊತ್ತಿತ್ತು. ಪತ್ರ ಬರಲು ಒಂದು ವಿಳಾಸ ಬೇಕಲ್ಲ, ಇಲ್ಲೇ ಇರು ಎಂದರಂತೆ.

ಮಗಳ ಮದುವೆ ಆಗಿ ಹದಿನೇಳು ವರ್ಷವಾಯಿತಲ್ಲ ಎಂದೆ.

"ನಿಲ್ಲಸಾಕ ಬರಲಿಲ್ಲ ತಂಗಿ. ಅವರ ಹಿತ್ತಲದಾಗ ಒಂದು ಬಾವಿ ಐತಿ. ಹಗ್ಗ ಜಗ್ಗಿದ್ರ ಎಡಗೈ ಉರೀತೈತಿ. ಆ ಊರು ನಾ ಕಣ್ಣಿಲೆ ನೋಡಿಲ್ಲ. ಆದ್ರೂ ಕೈ ಉರೀತೈತಿ."

ಅಂಗೈ ತೋರಿಸಿದರು. ಅಡ್ಡಕ್ಕೆ ಹಳೆಯ ಗಾಯದ ಗೆರೆ. ನಾನು ಕಣ್ಣಾರೆ ಕಂಡೆ.

ನಿಮ್ಮ ನಿಜವಾದ ಹೆಸರೇನು ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ತುಟಿ ಆಡಿಸಿದರು. ಕಿಟಕಿಯಾಚೆ ಗಲ್ಲಿಯಲ್ಲಿ ಯಾರೋ ಸ್ಕೂಟರಿನ ಹಾರ್ನ್ ಒತ್ತುತ್ತಲೇ ಇದ್ದರು.

ಬಾಯಿಗೆ ಬರ್ತಿಲ್ಲ ಎಂದರು.

ಡಿಸೆಂಬರ್ ೪, ಗುರುವಾರ

ಹನ್ನೆರಡು ದಿನ ಏನೂ ಬರೆಯಲಿಲ್ಲ. ಬರೆದರೆ ತೀರ್ಮಾನ ಮಾಡಬೇಕಾಗುತ್ತಿತ್ತು.

ಪ್ರದರ್ಶನ ಮುಂದೂಡಿ ಎಂದು ಪಾಠಕ್ ಸರ್‌ಗೆ ಹೇಳಿದೆ. ಸಂಶೋಧಕಿಯ ಮನೆಯವರು ಆನ್‌ಲೈನ್ ನೋಡುತ್ತಾರೆ, ಆಗದು ಎಂದರು. ದೋಣಿಯ ಭಾಗವನ್ನು ಕತ್ತರಿಸಿದೆ. ಮತ್ತೆ ಸೇರಿಸಿದೆ. ಕತ್ತರಿಸಿದೆ. ಇವತ್ತು ಮತ್ತೆ ಸೇರಿಸಿದೆ. ವಚನಾಗೆ ಫೋನ್ ಮಾಡಲು ಮೂರು ಸಲ ನಂಬರ್ ಒತ್ತಿದ್ದೇನೆ. ಮೂರು ಸಲವೂ ಕತ್ತರಿಸಿದ್ದೇನೆ.

ಅಯ್ಯನವರು ಇಪ್ಪತ್ತೊಂಬತ್ತರ ಉಪನ್ಯಾಸಕ್ಕೆ ಬರಲಿಲ್ಲ. ಮೊದಲ ಸಲ.

ಡಿಸೆಂಬರ್ ೫, ಶುಕ್ರವಾರ

ತಾಯಿ ಮಗಳನ್ನು ಸ್ಟೇಷನ್ನಿನಿಂದ ಆಟೋದಲ್ಲಿ ಶಿವಾಲ ಬಡಾವಣೆಯ ನನ್ನ ಮನೆಗೆ ಕರೆತಂದೆ. ವಚನಾ ದಾರಿಯುದ್ದಕ್ಕೂ ಮಾತಾಡಿದಳು. ತಾಯಿ ನೀಲಗಂಗಮ್ಮ ಹೊರಗೆ ನೋಡುತ್ತ ಕೂತಿದ್ದರು. ಅರವತ್ತನಾಲ್ಕು ವಯಸ್ಸು, ಹಣೆತುಂಬ ಕುಂಕುಮ, ಎರಡೂ ಕೈಗೆ ಹಸಿರು ಬಳೆ.

ವಚನಾ ಸ್ನಾನಕ್ಕೆ ಹೋದಾಗ ಹೇಳಿಬಿಡೋಣವೆಂದು ಅವರ ಹತ್ತಿರ ಕೂತೆ. ಅಮ್ಮಾ, ಆ ಸಿನಿಮಾದಲ್ಲಿ... ಎಂದು ಶುರು ಮಾಡಿದೆ. ನನ್ನ ಕೈ ಮೇಲೆ ಕೈಯಿಟ್ಟರು.

"ನಾಳೆ ನೋಡ್ತೀನಲ್ಲ ಯವ್ವಾ."

ಡಿಸೆಂಬರ್ ೬, ಶನಿವಾರ. ರಾತ್ರಿ ೮

ಹಾಲ್ ತುಂಬಿತ್ತು. ತಾಯಿ ಮಗಳು ಕೊನೆಯ ಸಾಲಿನಲ್ಲಿ ಕೂತರು. ದೀಪ ಆರಿಸುವ ಹೊತ್ತಿಗೆ ಅಯ್ಯನವರು ಬಂದರು. ಮೊದಲ ಸಾಲು, ಅವರ ಕುರ್ಚಿ. ಹಿಂದೆ ತಿರುಗಿ ನೋಡಲಿಲ್ಲ. ವಚನಾ ಅವರ ಬೆನ್ನನ್ನೇ ನೋಡುತ್ತ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ತಾಯಿ ಪರದೆಯನ್ನೇ ನೋಡುತ್ತಿದ್ದರು.

ನಾನು ಪ್ರೊಜೆಕ್ಟರಿನ ಪಕ್ಕ ನಿಂತಿದ್ದೆ. ಪರದೆಯಲ್ಲಿ ಜಗಲಿ, ಕಂಬಳಿ, ಆ ಮುಖ. ಕೊನೆಯ ಸಾಲಿನಲ್ಲಿ ಬಳೆಯ ಸದ್ದು ಒಮ್ಮೆ ಕೇಳಿತು. ದುಭಾಷಿಯ ದನಿ ಸ್ಪೀಕರಿನಿಂದ ಬಂತು. ಒಂದೇ ಒಂದು ಪ್ರಸ್ನೆ. ನಿಮ್ಮ ಹೆಸರು ಹೇಳಿ.

ಹನ್ನೊಂದು ಸೆಕೆಂಡ್. ಎಣಿಸತೊಡಗಿದೆ. ಎಂಟನೆಯದಕ್ಕೆ ಮೊದಲ ಸಾಲಿನಿಂದ ಉತ್ತರ ಬಂತು.

"ಅಣ್ಣಪ್ಪ."

ಅದೇ ದನಿ. ಕೇಳಿದ ದನಿಯೇ ಉತ್ತರ ಹೇಳಿತು. ಒಂದೂ ಕೆಮ್ಮಿಲ್ಲ, ಗದಗಿನ ಎಳೆತವಿಲ್ಲ. ಜನ ತಿರುಗಿ ನೋಡಿದರು. ಆಮೇಲೆ ಪರದೆಯವರು ನಿಧಾನವಾಗಿ, ಇವರ ಮಾತು ಮುಗಿಯಲೆಂದು ಕಾದವರ ಹಾಗೆ, ವೀರಭದ್ರಯ್ಯ ಎಂದರು.

ದೋಣಿಯ ಭಾಗ ಬಂದಾಗ ವಚನಾ ಎದ್ದು ನಿಂತಳು. ತಾಯಿ ಸೆರಗು ಹಿಡಿದು ಕೂರಿಸಿದರು.

ದೀಪ ಹಾಕಿದ ಮೇಲೆ ಪಾಠಕ್ ಸರ್ ಪ್ರಶ್ನೆಗಳಿವೆಯೇ ಎಂದರು. ಯಾರೂ ಕೈಯೆತ್ತಲಿಲ್ಲ. ನೀಲಗಂಗಮ್ಮ ಎದ್ದು ಗೋಡೆ ಹಿಡಿದು ಮೊದಲ ಸಾಲಿನವರೆಗೆ ನಡೆದು ಬಂದರು. ಅಯ್ಯನವರು ಎದ್ದು ನಿಂತರು, ತಲೆಯೆತ್ತಲಿಲ್ಲ. ವಚನಾ ಹಿಂದಿನಿಂದ, ನೀವು ಯಾರು, ನಮ್ಮಪ್ಪಗೆ ಏನು ಮಾಡಿದಿರಿ ಎಂದು ಕೇಳುತ್ತಲೇ ಬಂದಳು. ತಾಯಿ ಅವಳನ್ನು ಸುಮ್ಮನಾಗಿಸಿದರು.

"ಮೂರನೇ ಪತ್ರದಾಗ ನೀವು ನನಗ ಚಿರಂಜೀವಿ ಸೌಭಾಗ್ಯವತಿ ಅಂತ ಬರದ್ರಿ. ಅವರು ಯಾವತ್ತೂ ಹಂಗ ಬರದೋರಲ್ಲ. ಬರೇ ನೀಲಾ ಅಂತಿದ್ರು. ಬರ್ಯಾವ್ರು ಅವರಲ್ಲ ಅಂತ ನನಗ ಅವತ್ತ ತಿಳೀತು."

ಗೊತ್ತಿದ್ದೂ ಉತ್ತರ ಬರೆದಿರಾ ಎಂದು ಅಯ್ಯನವರು ಕೇಳಿದರು. ಕೇಳಿಸದಷ್ಟು ಸಣ್ಣಗೆ.

"ಬರದೆ. ಓದೋರು ಒಬ್ಬರು ಇದ್ರಲ್ಲ. ಈಗ ಎಲ್ಲಿ ಇಳಿಸಿದ್ರಿ, ಆ ಜಾಗ ತೋರಿಸ್ರಿ."

ಡಿಸೆಂಬರ್ ೭, ಭಾನುವಾರ. ಬೆಳಿಗ್ಗೆ ೧೦

ಏಳಕ್ಕೆ ಕೇದಾರ ಘಾಟಿನಿಂದ ದೋಣಿ ಹಿಡಿದೆವು, ನಾಲ್ವರೂ. ಮಂಜು ದಟ್ಟವಾಗಿತ್ತು. ಹತ್ತು ಮಾರಿನಾಚೆ ಘಾಟ್ ಕಾಣುತ್ತಿರಲಿಲ್ಲ. ಆದರೂ ಅಣ್ಣಪ್ಪನವರು ಅಂಬಿಗನಿಗೆ ಎಡಕ್ಕೆ, ಇನ್ನೂ ಸ್ವಲ್ಪ, ನಿಲ್ಲಿಸು ಎಂದು ಹೇಳುತ್ತ ಹೋದರು. ಗುರುತಿಗೆ ಏನೂ ಇರಲಿಲ್ಲ. ನೀರು ಮತ್ತು ಬಿಳುಪು.

ಅಲ್ಲಿ ದೋಣಿ ನಿಂತಿತು. ಅಂಬಿಗ ಹುಟ್ಟು ಒಳಗೆಳೆದುಕೊಂಡ. ಪ್ರವಾಹ ಇತ್ತು, ಆದರೂ ನಾವು ಸರಿಯಲಿಲ್ಲ. ಅಂಬಿಗ ಒಮ್ಮೆ ಬಗ್ಗಿ ಕೆಳಗೆ ನೋಡಿದ, ಆಮೇಲೆ ನೋಡಲಿಲ್ಲ.

ನೀಲಗಂಗಮ್ಮ ಬಳೆಗಳನ್ನು ಒಂದೊಂದಾಗಿ ತಾವೇ ತೆಗೆದು ನೀರಿಗೆ ಬಿಟ್ಟರು. ಒಡೆಯಲಿಲ್ಲ. ಅಳಲಿಲ್ಲ. ವಚನಾ ಅತ್ತಳು. ಆಮೇಲೆ ತಾನೇ ಅಣ್ಣಪ್ಪನವರ ಹತ್ತಿರ ಸರಿದು ಕೂತಳು. ಮದುವೆಗೆ ಬಂದ ಆಶೀರ್ವಾದದ ಪತ್ರ ಫ್ರೇಮ್ ಹಾಕಿಸಿದ್ದೇನೆ ಎಂದಳು. ಸಿಟ್ಟಿನಿಂದ ಹೇಳಿದಳೋ ಹೇಗೋ, ನನಗೆ ತಿಳಿಯಲಿಲ್ಲ.

ದಡಕ್ಕೆ ಬರುವಾಗ ನೀಲಗಂಗಮ್ಮ ಒಂದು ಮಾತು ಕೇಳಿದರು.

"ಇಷ್ಟು ವರ್ಷ ನನಗ ಬರದ್ರಿ. ನಿಮ್ಮವ್ವಗ ಬರದಿರೇನು?"

ಅಣ್ಣಪ್ಪನವರು ನೀರಿನ ಕಡೆ ತಿರುಗಿದರು. ಘಾಟ್ ಬಂದ ಮೇಲೂ ದೋಣಿಯಲ್ಲೇ ಕೂತಿದ್ದರು. ಒಂದು ಗಂಟೆಯ ಮೇಲಾಯಿತು, ಎಬ್ಬಿಸಿ ಕರೆತರಲು.

ಡಿಸೆಂಬರ್ ೧೩, ಶನಿವಾರ

ತಾಯಿ ಮಗಳು ಬುಧವಾರ ಹೊರಟರು. ನಿಲ್ದಾಣಕ್ಕೆ ಅಣ್ಣಪ್ಪನವರೂ ಬಂದಿದ್ದರು. ನೀಲಗಂಗಮ್ಮ ಅವರಿಗೆ ಕೈ ಮುಗಿದರು. ಅವರೂ ಮುಗಿದರು. ಅಷ್ಟೇ.

ಇಂದಿನ ಉಪನ್ಯಾಸಕ್ಕೆ ಬಂದರು, ಬಾಗಿಲ ಬಳಿ ನಿಂತೇ ಕೇಳಿದರು. ಪ್ರಶ್ನೆ ಕೇಳಲಿಲ್ಲ. ಕೆಮ್ಮು ಪೂರ್ತಿ ಹೋಗಿದೆ. ಅಂಗೈ ತೋರಿಸಿದರು. ನುಣ್ಣಗಿತ್ತು, ಒಂದು ಗೆರೆಯೂ ಇಲ್ಲ.

ಮುಗಿದ ಮೇಲೆ ನನ್ನ ಹತ್ತಿರ ಬಂದು ಊರಿನ ಹೆಸರು ಹೇಳಿದರು. ತಿಪಟೂರಿನ ಆಚೆ. ಈಗ ನೆನಪಿಗೆ ಬರುತ್ತಿದೆಯಂತೆ, ಸ್ವಲ್ಪಸ್ವಲ್ಪ. ತಾಯಿಯ ಹೆಸರು ಪದ್ಮಮ್ಮ. ಕಾಶಿಗೆ ಬಂದ ವರ್ಷವೇ ಡಿಸೆಂಬರಿನಲ್ಲಿ ಊರಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ, ಬರೆಯಲೂ ಇಲ್ಲ. ಒಂದು ಹೆಸರಿನಲ್ಲಿ ಬರೆಯುತ್ತ ಇನ್ನೊಂದು ಮರೆತುಹೋಯಿತು ಎಂದರು. ಇದ್ದರೆ ಎಂಬತ್ತನಾಲ್ಕು. ಇದ್ದಾರೋ ಇಲ್ಲವೋ ಕೇಳಲು ಧೈರ್ಯವಿಲ್ಲ, ನೀವೇ ಕೇಳಿ ಎಂದರು.

ಆ ಊರಿನ ಹಾಲಿನ ಡೈರಿಯ ನಂಬರ್ ನೆಟ್‌ನಲ್ಲಿ ಸಿಕ್ಕಿತು. ಸೆಕ್ರೆಟರಿಗೆ ಫೋನ್ ಮಾಡಿದೆ. ಪದ್ಮಮ್ಮ ಇದ್ದಾರಂತೆ. ನಾಳೆ ಹತ್ತೂವರೆಗೆ ಅವರ ಮನೆಗೇ ಫೋನ್ ಒಯ್ಯುತ್ತೇನೆ ಎಂದರು. ಅಣ್ಣಪ್ಪನವರು ಅಳುವುದನ್ನು ಮೊದಲ ಸಲ ನೋಡಿದೆ.

ಡಿಸೆಂಬರ್ ೧೪, ಭಾನುವಾರ. ೧೧.೧೦

ಫೋನ್ ಇನ್ನೂ ಕತ್ತರಿಸಿಲ್ಲ. ಸೆಕ್ರೆಟರಿ ಕನ್ನಡಕ ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ನಾನೇ ನಂಬಲಿಕ್ಕಿಲ್ಲ.

ಸ್ಪೀಕರಿನಲ್ಲಿ ಹಾಕಿದ್ದೆ. ಅಣ್ಣಪ್ಪನವರು ನನ್ನ ಎದುರು ಕೂತಿದ್ದರು, ಫೋನ್ ಹಿಡಿಯಲು ಒಪ್ಪಲಿಲ್ಲ. ಕಾಶಿಯಿಂದ ಮಾತಾಡುತ್ತಿದ್ದೇನೆ ಅಮ್ಮಾ, ನಿಮ್ಮ ಮಗ ಅಣ್ಣಪ್ಪನವರ ವಿಷಯ ಎಂದೆ. ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ.

"ಯಾಕಮ್ಮ, ಏನಾಯ್ತು ಅವನಿಗೆ? ನಿನ್ನೆ ತಾನೆ ಕಾಗದ ಬಂತಲ್ಲ."

ಯಾವ ಕಾಗದ ಎಂದು ಕೇಳಿದೆ. ತಿಂಗಳಿಗೊಂದು ಬರುತ್ತದಂತೆ. ಅವನು ಊರು ಬಿಟ್ಟ ವರ್ಷದಿಂದ, ಒಂದು ತಿಂಗಳೂ ತಪ್ಪಿಲ್ಲ. ಸೆಕ್ರೆಟರಿ ಹೌದು ಎಂದರು. ಅಜ್ಜಿಗೆ ಕಣ್ಣು ಕಾಣದಾದ ಮೇಲೆ ಓದಿ ಹೇಳುವವನು ನಾನೇ, ಕಾಶಿಯ ಮುದ್ರೆ ಇರುತ್ತದೆ, ಲಕೋಟೆ ಮಾತ್ರ ಯಾವಾಗಲೂ ಸ್ವಲ್ಪ ಒದ್ದೆ ಎಂದರು.

ಅಣ್ಣಪ್ಪನವರ ಕಡೆ ನೋಡಿದೆ. ಇಲ್ಲ ಎಂದು ತಲೆಯಾಡಿಸಿದರು. ಒಂದೂ ಇಲ್ಲ. ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತರು.

ನಿನ್ನೆಯದನ್ನು ಓದಿ ಎಂದೆ. ಕನ್ನಡಕ ಸಿಕ್ಕಿತು. ಓದುತ್ತಿದ್ದಾರೆ. ಕೇಳಿದಂತೆ ಬರೆಯುತ್ತೇನೆ.

ಅಮ್ಮನವರಿಗೆ ಅಣ್ಣಪ್ಪ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಇಲ್ಲಿ ಈಗ ಬಹಳ ತಣ್ಣಗಿದೆ. ಮೇಲೆ ದೋಣಿಗಳು ಹೋಗುವುದು ಕಾಣಿಸುತ್ತದೆ. ಹೋದ ಭಾನುವಾರ ಒಂದು ದೋಣಿ ನನ್ನ ಮೇಲೆಯೇ ನಿಂತಿತ್ತು. ಅದರಲ್ಲಿ ನೀಲಾ ಇದ್ದಳು.